ಚಳಿಯ ನಸುಕಿನಲ್ಲಿ ಚಾಲೂ ನಿಂತ ಪಿಕಪ್: ಕಾರಟಗಿ ಭಾಗದ ಒಂದು ಪ್ರಕರಣ

ಹಿನ್ನೆಲೆ

ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ. ಇಲ್ಲಿನ ಒಂದು ಕುಟುಂಬಕ್ಕೆ ಎರಡು ವಾಹನಗಳಿವೆ. ಒಂದು, ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮಗಳಲ್ಲಿ ಮೂರನೆಯದಾದ ಬಿಎಸ್-3ರ ಕಾಲದ ಹಳೆಯ ಲಾರಿ. ಇನ್ನೊಂದು, 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ದೇಶದಾದ್ಯಂತ ಜಾರಿಗೆ ಬಂದ ಮೇಲೆ ಕೊಂಡ ಡೀಸೆಲ್ ಪಿಕಪ್. ಲಾರಿ ಸುಗ್ಗಿಯಲ್ಲಿ ಹೊಲದಿಂದ ರೈಸ್ ಮಿಲ್ಲಿಗೆ ಭತ್ತವನ್ನೂ, ಉಳಿದ ದಿನಗಳಲ್ಲಿ ಮಿಲ್ಲಿನಿಂದ ದೂರದ ಊರುಗಳಿಗೆ ಅಕ್ಕಿಯನ್ನೂ ಸಾಗಿಸುತ್ತದೆ. ಪಿಕಪ್‌ನದು ಹಾಲಿನ ಮಾರ್ಗ: ನಸುಕಿನಲ್ಲೇ ಹೊರಟು, ಸುತ್ತಲಿನ ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳ ಮುಂದೆ ನಿಂತು, ಕ್ಯಾನುಗಳನ್ನು ಏರಿಸಿಕೊಂಡು ಶೀತಲೀಕರಣ ಕೇಂದ್ರಕ್ಕೆ ಮುಟ್ಟಿಸಬೇಕು. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಮೂರೋ ನಾಲ್ಕೋ ಕಿಲೋಮೀಟರ್, ಎಲ್ಲ ಸೇರಿಸಿದರೂ ಮಾರ್ಗ ಮೂವತ್ತು ಕಿಲೋಮೀಟರ್ ದಾಟುವುದಿಲ್ಲ.

ಲಾರಿಯನ್ನು ಬಹುಕಾಲ ಓಡಿಸಿದ ಹಿರಿಯ ಚಾಲಕರಿಗೆ ವಯಸ್ಸಾಯಿತೆಂದು, ರಾತ್ರಿಯ ದೂರದ ಪ್ರಯಾಣ ಬೇಡವೆಂದು ಮಾಲಕರು ಅವರನ್ನು ಪಿಕಪ್‌ಗೆ ಹಾಕಿದರು. ಅವರೊಂದಿಗೆ ಅವರ ರೂಢಿಯೂ ಪಿಕಪ್‌ಗೆ ಬಂತು. ದೀಪಾವಳಿ ಕಳೆದು ಚಳಿ ಬಿದ್ದ ದಿನದಿಂದ ಅವರು ಬೆಳಗಿನ ಜಾವ ಗಾಡಿಯನ್ನು ಚಾಲೂ ಮಾಡಿ, ಅದನ್ನು ಅಂಗಳದಲ್ಲೇ ಬಿಟ್ಟು, ಮುಖ ತೊಳೆದು ಚಹಾ ಕುಡಿದು ಬರುವ ಹೊತ್ತಿಗೆ ಇಪ್ಪತ್ತು ನಿಮಿಷವಾಗುತ್ತಿತ್ತು. ಮಾಲಕರ ಮಗ ಇದನ್ನು ಒಂದೆರಡು ಸಲ ಆಕ್ಷೇಪಿಸಿದ್ದುಂಟು. ಆಗ ಅವರು ಕೊಟ್ಟ ಉತ್ತರ: "ತಮ್ಮಾ, ತಣ್ಣಗಿದ್ದ ಗಾಡೀನ ಎಳದ್ರ ಎಂಜಿನ್ ಕೈ ಕೊಡ್ತೈತಿ. ಮೊದ್ಲು ಬಿಸಿ ಆಗ್ಲಿ ಬಿಡು."

ದೂರು

ಚಳಿಗಾಲದ ನಡುವೆ ಪಿಕಪ್‌ನ ಮೀಟರ್ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಗಾಡಿ ಓಡುತ್ತಿದ್ದುದರಿಂದ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲವು ದಿನಗಳಲ್ಲಿ ಎರಡನೆಯ ದೀಪ ಹತ್ತಿತು, ಅದರ ಹಿಂದೆಯೇ ಎಳೆತ ಕುಸಿಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಎತ್ತಿನ ಬಂಡಿಯ ಹಿಂದೆ ಉಳಿಯುವ ಸ್ಥಿತಿ ಬಂತು. ಸರ್ವಿಸ್ ಕೇಂದ್ರದಲ್ಲಿ ಕಂಪ್ಯೂಟರ್ ಜೋಡಿಸಿ, ಸೈಲೆನ್ಸರ್ ಕೊಳವೆಯಲ್ಲಿ ಹೊಗೆಯ ಮಸಿಯನ್ನು ಸೋಸುವ ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್, ಅಂದರೆ ಡಿಪಿಎಫ್, ಮಸಿಯಿಂದ ಕಟ್ಟಿಕೊಂಡಿದೆಯೆಂದು ಹೇಳಿ, ಬಲವಂತದ ರೀಜನರೇಷನ್, ಅಂದರೆ ಕಟ್ಟಿದ ಮಸಿಯನ್ನು ಶಾಖದಿಂದ ಸುಟ್ಟು ತೆಗೆಯುವ ಕೆಲಸ, ಮಾಡಿ ಕಳುಹಿಸಿದರು. ಕೆಲ ವಾರಗಳಲ್ಲಿ ಅದೇ ದೀಪ, ಅದೇ ದೂರು. ಈ ಬಾರಿ ಫಿಲ್ಟರನ್ನೇ ಬದಲಿಸಬೇಕಾದೀತು ಎಂಬ ಮಾತು ಬಂತು. ಆ ಖರ್ಚು ಸಾವಿರಗಳಲ್ಲಲ್ಲ, ಹತ್ತಾರು ಸಾವಿರಗಳಲ್ಲಿ ಹೋಗುವಂಥದು.

ಮಾಲಕರ ಅನುಮಾನ ಬಂಕಿನ ಡೀಸೆಲ್ ಮೇಲಿತ್ತು. ಮಗನ ಅನುಮಾನ ಗಾಡಿ ಮಾಡಿದ ಕಂಪನಿಯ ಮೇಲಿತ್ತು. ಊರಿನ ಮಿಸ್ತ್ರಿಯೊಬ್ಬರು ಫಿಲ್ಟರನ್ನು ಕಿತ್ತು ಖಾಲಿ ಕೊಳವೆ ಕೂಡಿಸಿಕೊಡುವೆನೆಂದು ಮುಂದೆ ಬಂದಿದ್ದರು. ಇದು ಅಲ್ಲಲ್ಲಿ ನಡೆಯುವ ಕೆಲಸವೇ ಆದರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವಾದುದು, ವಾರಂಟಿಯನ್ನೂ ಕಳೆಯುವಂಥದು. ಅದಕ್ಕಿಂತ ಹೆಚ್ಚಾಗಿ, ಮಸಿ ಯಾಕೆ ಕಟ್ಟಿತು ಎಂಬ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಈ ಹಂತದಲ್ಲಿ ಪ್ರಕರಣ ನನ್ನ ಮುಂದೆ ಬಂತು.

ಪರಿಶೀಲನೆಯಲ್ಲಿ ಕಂಡದ್ದು

ಮೊದಲು ನೋಡಿದ್ದು ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು. ಸಮತಟ್ಟಾದ ಜಾಗದಲ್ಲಿ, ಎಂಜಿನ್ ಬಂದ್ ಮಾಡಿ ಸಾಕಷ್ಟು ಹೊತ್ತು ಬಿಟ್ಟು, ಕಡ್ಡಿಯನ್ನು ಒರೆಸಿ ಅದ್ದಿ ತೆಗೆದಾಗ ಆಯಿಲ್ ಮೇಲಿನ ಗುರುತನ್ನು ಬೆರಳಗಲ ದಾಟಿ ನಿಂತಿತ್ತು. ಓಡಿದ ಎಂಜಿನ್‌ನಲ್ಲಿ ಆಯಿಲ್ ಇಳಿಯುವುದು ಸಹಜ, ಏರುವುದು ಸಹಜವಲ್ಲ. ತಾವು ಮೇಲೆ ಸುರಿದಿಲ್ಲವೆಂದು ಮೂವರೂ ಹೇಳಿದರು. ಕಡ್ಡಿಯ ತುದಿಯ ಹನಿಯನ್ನು ಎರಡು ಬೆರಳ ನಡುವೆ ಉಜ್ಜಿದರೆ ಜಿಗುಟೇ ಇರಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ ಸ್ಪಷ್ಟವಾಗಿ ಬರುತ್ತಿತ್ತು. ಅಂದರೆ ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಗುಂಟ, ಪಿಸ್ಟನ್ ರಿಂಗುಗಳನ್ನು ದಾಟಿ, ಕೆಳಗಿನ ಆಯಿಲ್ ತೊಟ್ಟಿಗೆ ಸೇರುತ್ತಿತ್ತು. ಎಂಜಿನ್ ಸವೆಯಬಾರದೆಂದು ಚಾಲಕರು ಪಡುತ್ತಿದ್ದ ಕಾಳಜಿಯ ಫಲ ಸವೆತವನ್ನು ತಡೆಯುವ ಆಯಿಲನ್ನೇ ತೆಳುವಾಗಿಸುತ್ತಿತ್ತು.

ಎರಡನೆಯದಾಗಿ, ಹೊತ್ತಿನ ಲೆಕ್ಕ. ಪ್ರತಿ ಸಂಘದಲ್ಲಿ ಹಾಲು ಎತ್ತಿದ ಸಮಯವೂ ಕೇಂದ್ರದಲ್ಲಿ ಇಳಿಸಿದ ಸಮಯವೂ ಚೀಟಿಯಲ್ಲಿ ಬರೆದಿರುತ್ತದೆ. ಅವನ್ನು ಹೊಂದಿಸಿ ನೋಡಿದಾಗ, ಗಾಡಿಯ ಎಂಜಿನ್ ನಡೆದ ಒಟ್ಟು ಹೊತ್ತಿನಲ್ಲಿ ಚಕ್ರ ತಿರುಗಿದ್ದು ಅರ್ಧಕ್ಕಿಂತ ಕಡಿಮೆಯೆಂದು ಗೊತ್ತಾಯಿತು. ಅಂಗಳದ ಇಪ್ಪತ್ತು ನಿಮಿಷ ಅದರ ಒಂದು ಭಾಗ ಮಾತ್ರ. ಪ್ರತಿ ಹಳ್ಳಿಯಲ್ಲಿ ಕ್ಯಾನು ಏರಿಸುವ ತನಕ, ಅಳತೆ ಬರೆಸುವ ತನಕ, ಎಂಜಿನ್ ಆರಬಾರದೆಂದು ಚಾಲೂ ಇಡುತ್ತಿದ್ದರು. ಇದನ್ನು ಯಾರೂ ದೂರಿನಲ್ಲಿ ಹೇಳಿರಲಿಲ್ಲ. ಯಾಕೆಂದರೆ ಇದು ಯಾರ ಕಣ್ಣಿಗೂ ರೂಢಿಯಾಗಿ ಕಂಡಿರಲಿಲ್ಲ.

ಮೂರನೆಯದು ಸಣ್ಣದು. ಲಾರಿಗೆಂದು ತಂದ ದೊಡ್ಡ ಡಬ್ಬಿಯ 15ಡಬ್ಲ್ಯು-40 ಆಯಿಲನ್ನೇ ಪಿಕಪ್‌ಗೂ ಹಾಕಿದ್ದರು. ಡಿಪಿಎಫ್ ಇರುವ ಎಂಜಿನ್‌ಗೆ ಬೂದಿ ಕಡಿಮೆ ಬಿಡುವ ಆಯಿಲನ್ನು ಕೈಪಿಡಿ ಹೇಳಿರುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಅದು ಫಿಲ್ಟರಿನಲ್ಲೇ ಉಳಿಯುತ್ತದೆ. ಆದರೆ ಬೂದಿ ತುಂಬುವುದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ, ವಾರಗಳಲ್ಲಿ ಮರುಕಳಿಸುವ ದೂರಿಗೆ ಅದು ಕಾರಣವಾಗದು. ತಪ್ಪು ತಪ್ಪೇ, ಆದರೆ ಈ ತಪ್ಪಿನ ಫಲ ಇನ್ನೂ ಬರಬೇಕಿತ್ತು.

ನಿಂತಲ್ಲೇ ಬಿಸಿಯಾಗುವುದೆಂದರೆ

ಚಾಲಕರ ವಾದದಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಗೌರವಿಸಬೇಕು. ತಣ್ಣನೆಯ ಎಂಜಿನ್‌ನಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಅಂತರ ಇನ್ನೂ ಸರಿಹೋಗಿರುವುದಿಲ್ಲ, ಆ ಹೊತ್ತಿನಲ್ಲಿ ಪೂರ್ತಿ ರೇಸ್ ಕೊಟ್ಟು ಎಳೆಸಿದರೆ ಸವೆತ ಹೆಚ್ಚು. ಇದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು, ಆ ತಣ್ಣನೆಯ ಹಂತವನ್ನು ಬೇಗ ದಾಟುವ ದಾರಿ ಯಾವುದು ಎಂಬುದರಲ್ಲಿ.

ಡೀಸೆಲ್ ಎಂಜಿನ್ ಭಾರವಿಲ್ಲದೆ ನಿಂತಲ್ಲೇ ನಡೆಯುವಾಗ, ತನ್ನನ್ನು ತಾನು ತಿರುಗಿಸಿಕೊಳ್ಳಲು ಬೇಕಾದಷ್ಟು ಮಾತ್ರ, ಅಂದರೆ ಅತ್ಯಲ್ಪ ಇಂಧನವನ್ನು ಸುಡುತ್ತದೆ. ಅದೇ ಹೊತ್ತಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ತಣ್ಣನೆಯ ಗಾಳಿಯನ್ನು ಒಳಗೆಳೆದು ಹೊರಗೆ ದೂಡುತ್ತದೆ. ಸುಟ್ಟದ್ದು ಕಡಿಮೆಯಾದರೆ ಶಾಖವೂ ಕಡಿಮೆ. ಪೆಟ್ರೋಲ್ ಎಂಜಿನ್ ನಿಂತಲ್ಲಿ ತಡವಾಗಿಯಾದರೂ ಬಿಸಿಯಾಗುತ್ತದೆ, ಡೀಸೆಲ್ ಎಂಜಿನ್ ಚಳಿಯಲ್ಲಿ ಇಪ್ಪತ್ತು ನಿಮಿಷ ನಿಂತರೂ ಉಷ್ಣತೆಯ ಮುಳ್ಳು ಸುಲಭವಾಗಿ ಮಧ್ಯಕ್ಕೆ ಬರುವುದಿಲ್ಲ. ನೀರಿನ ದಾರಿಯನ್ನು ರೇಡಿಯೇಟರ್ ಕಡೆಗೆ ತೆರೆಯುವ ಥರ್ಮೋಸ್ಟಾಟ್ ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ತೆರೆದುಕೊಳ್ಳುವಂಥದು. ಅಂಗಳದಲ್ಲಿ ನಿಂತ ಪಿಕಪ್ ಅಲ್ಲಿಗೆ ಮುಟ್ಟುವುದಕ್ಕೆ ಮೊದಲೇ ಚಹಾ ಮುಗಿದಿರುತ್ತಿತ್ತು. ಅದೇ ಗಾಡಿಯನ್ನು ಕೆಳಗಿನ ಗೇರುಗಳಲ್ಲಿ ಮೆತ್ತಗೆ ನಡೆಸಿದರೆ ಐದಾರು ಕಿಲೋಮೀಟರಿನೊಳಗೆ ಮುಳ್ಳು ಮೇಲೇಳುತ್ತದೆ. ಹೀಗೆ, ಯಾವ ಹಂತಕ್ಕೆ ಚಾಲಕರು ಅಂಜುತ್ತಿದ್ದರೋ ಆ ಹಂತವನ್ನೇ ಅವರ ರೂಢಿ ಉದ್ದ ಮಾಡುತ್ತಿತ್ತು. ಜೊತೆಗೆ, ನಿಂತಲ್ಲಿ ಬಿಸಿಯಾಗುವುದು ಎಂಜಿನ್ ಮಾತ್ರ. ಗೇರ್‌ಬಾಕ್ಸಿನ ಆಯಿಲ್, ಹಿಂದಿನ ಚಕ್ರಗಳ ಅಚ್ಚಿನ ಹೌಸಿಂಗಿನ ಆಯಿಲ್, ಚಕ್ರದ ಬೇರಿಂಗಿನ ಗ್ರೀಸ್ ತಣ್ಣಗೇ ಉಳಿದಿರುತ್ತವೆ. ಅವು ಬಿಸಿಯಾಗಬೇಕಾದರೆ ಗಾಡಿ ನಡೆಯಲೇಬೇಕು.

ಇನ್ನು ಇಲ್ಲಿಯ ಚಳಿ ಎಂಥದು? ಕೊಪ್ಪಳ, ರಾಯಚೂರು ಭಾಗದಲ್ಲಿ ಡಿಸೆಂಬರ್, ಜನವರಿಯ ನಸುಕಿನ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಮೇ ತಿಂಗಳ ಬಿಸಿಲಿಗೆ ಹದಗೊಂಡ ನಮ್ಮ ಮೈಗೆ ಇದು ಗಡಗಡ ನಡುಗುವ ಚಳಿಯೇ ಹೌದು. ಆದರೆ ಆಯಿಲ್ ಡಬ್ಬಿಯ ಮೇಲಿನ ಅಂಕೆಗೆ ಇದು ಚಳಿಯೇ ಅಲ್ಲ. 15ಡಬ್ಲ್ಯು ಎಂಬ ದರ್ಜೆಯ ಆಯಿಲನ್ನು ಸೆಲ್ಫ್ ಹೊಡೆದಾಗ ಎಂಜಿನ್ ತಿರುಗಲು ಬಿಡುತ್ತದೆಯೇ ಎಂದು ಪರೀಕ್ಷಿಸುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. 5ಡಬ್ಲ್ಯು ದರ್ಜೆಯದನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಕಾರಟಗಿಯ ಜನವರಿ ಈ ಪರೀಕ್ಷೆಯ ಹತ್ತಿರಕ್ಕೂ ಸುಳಿಯುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ವಾದ ಬೇರೆ ಇದೆ, ಚಾಲಕರ ಮುಂದೆ ನಾನು ಇಟ್ಟದ್ದೂ ಅದನ್ನೇ. 15ಡಬ್ಲ್ಯು-40 ಆಯಿಲ್ 100 ಡಿಗ್ರಿಯಲ್ಲಿ ಎಷ್ಟು ತೆಳುವೋ, 40 ಡಿಗ್ರಿಯಲ್ಲಿ ಅದಕ್ಕಿಂತ ಸುಮಾರು ಏಳು ಪಟ್ಟು ಗಟ್ಟಿ. ಅಂದರೆ ಬೇಸಿಗೆಯ ಬೆಳಗಿನಲ್ಲಿ ಚಾಲೂ ಮಾಡಿದ ಎಂಜಿನ್ ಕೂಡ ತನ್ನ ಕೆಲಸದ ಉಷ್ಣತೆಯ ಮಟ್ಟಿಗೆ ತಣ್ಣಗಿರುವ ಎಂಜಿನ್ನೇ. ಜನವರಿಯಲ್ಲಿ 15ರಿಂದ 90 ಡಿಗ್ರಿಗೆ ಏರಬೇಕು, ಮೇ ತಿಂಗಳ ನಸುಕಿನಲ್ಲಿ 28ರಿಂದ 90ಕ್ಕೆ ಏರಬೇಕು; ಏರಬೇಕಾದ ಮೆಟ್ಟಿಲುಗಳಲ್ಲಿ ಆರನೆಯ ಒಂದು ಭಾಗವಷ್ಟೇ ವ್ಯತ್ಯಾಸ. ಆದರೂ ಮೇ ತಿಂಗಳಲ್ಲಿ ಅವರು ಕೀಲಿ ತಿರುಗಿಸಿದ ಕೂಡಲೇ ಹೊರಡುತ್ತಿದ್ದರು, ಎಂಜಿನ್‌ಗೆ ಏನೂ ಆಗುತ್ತಿರಲಿಲ್ಲ. ಈ ಮಾತಿಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಖರೆ ಐತ್ರಿ" ಎಂದರು.

ರೂಢಿ ಎಲ್ಲಿಂದ ಬಂತು ಎಂಬುದನ್ನೂ ಕೇಳಿಕೊಂಡೆ. ಅವರು ಅಕ್ಕಿ ಲೋಡಿನೊಂದಿಗೆ ಉತ್ತರದ ರಾಜ್ಯಗಳಿಗೆ ಹೋಗಿಬರುತ್ತಿದ್ದವರು. ಅಲ್ಲಿಯ ಜನವರಿಯಲ್ಲಿ ಡೀಸೆಲ್ ಮಬ್ಬುಗಟ್ಟಿ, ಮೇಣದಂತಾಗಿ ಫಿಲ್ಟರಿನಲ್ಲಿ ನಿಲ್ಲುವುದನ್ನು ಕಂಡವರು. ಅಲ್ಲಿ ಚಾಲಕರೆಲ್ಲ ಎಂಜಿನ್ ಆರಲು ಬಿಡದೆ ರಾತ್ರಿ ಕಳೆಯುವುದಕ್ಕೆ ಅರ್ಥವಿತ್ತು. ಲಡಾಖಿನಂಥ ಕಡೆ ಈ ಕಷ್ಟ ಎಷ್ಟೆಂದರೆ, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಬೇರೆಯಾಗಿಯೇ ತರಬೇಕಾಯಿತು. ಪೆಟ್ರೋಲಿನ ಕಡೆ ಇದೇ ರೂಢಿಗೆ ಕಾರ್ಬ್ಯುರೇಟರ್ ಕಾರಣ: ಚೋಕ್ ಎಳೆದು, ಎಂಜಿನ್ ತಡವರಿಸದೆ ನಡೆಯುವ ತನಕ ಕಾಯದಿದ್ದರೆ ಗಾಡಿ ಮುಂದಿನ ತಿರುವಿನಲ್ಲಿ ಆರುತ್ತಿತ್ತು. ಇಂಜೆಕ್ಷನ್ ಬಂದ ಮೇಲೆ ಉಷ್ಣತೆಯನ್ನು ನೋಡಿ ಇಂಧನವನ್ನು ಕಂಪ್ಯೂಟರೇ ಹೊಂದಿಸುತ್ತದೆ. ಮನೆಯ ಬೈಕು ಬಿಎಸ್-4ರ ಹಳೆಯದಾಗಿದ್ದರೆ ಅರ್ಧ ನಿಮಿಷ ಚೋಕ್ ಬೇಕಾದೀತು, ಅಷ್ಟೇ.

ಮಸಿ ಯಾಕೆ ಕಟ್ಟಿತು

ಡಿಪಿಎಫ್ ಎಂಬುದು ಸೂಕ್ಷ್ಮ ರಂಧ್ರಗಳ ಗೋಡೆಯಿರುವ ಪಿಂಗಾಣಿಯಂಥ ಗೂಡು. ಹೊಗೆ ಗೋಡೆಯ ಮೂಲಕ ಸೋಸಿ ಹೋಗುತ್ತದೆ, ಮಸಿ ಒಳಗುಳಿಯುತ್ತದೆ. ಉಳಿದ ಮಸಿಯನ್ನು ಆಗಾಗ ಸುಟ್ಟು ಅನಿಲವಾಗಿಸಿ ಹೊರಗೆ ಕಳುಹಿಸುವುದೇ ರೀಜನರೇಷನ್. ಇದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಹೆದ್ದಾರಿಯಲ್ಲಿ ಭಾರ ಎಳೆಯುವಾಗ ಹೊಗೆಗೇ ಸಾಕಷ್ಟು ಬಿಸಿಯಿರುವುದರಿಂದ ಮಸಿ ಅಷ್ಟಿಷ್ಟು ತಾನಾಗಿ ಕರಗುತ್ತದೆ, ಉಳಿದುದಕ್ಕೆ ಎಂಜಿನ್ ಕಂಪ್ಯೂಟರ್ ಕೊಂಚ ಹೆಚ್ಚಿನ ಡೀಸೆಲ್ ಸಿಂಪಡಿಸಿ ಶಾಖವನ್ನು ಏರಿಸುತ್ತದೆ. ನಿಂತಲ್ಲೇ ನಡೆಯುವ ಎಂಜಿನ್‌ನ ಹೊಗೆ 200 ಡಿಗ್ರಿಯನ್ನೂ ಮುಟ್ಟುವುದು ಕಷ್ಟ. ಮಸಿ ಬೀಳುತ್ತಲೇ ಇರುತ್ತದೆ, ಸುಡುವ ಅವಕಾಶ ಬರುವುದೇ ಇಲ್ಲ.

ಹಾಲಿನ ಮಾರ್ಗದಲ್ಲಿ ಇನ್ನೂ ಒಂದು ತೊಡಕಿತ್ತು. ಎರಡು ಹಳ್ಳಿಗಳ ನಡುವಿನ ಓಟದಲ್ಲಿ ಎಂಜಿನ್ ಬಿಸಿಯಾಗಿ ಕಂಪ್ಯೂಟರ್ ರೀಜನರೇಷನ್ ಆರಂಭಿಸುತ್ತಿತ್ತು, ಅಷ್ಟರಲ್ಲಿ ಮುಂದಿನ ಸಂಘ ಬರುತ್ತಿತ್ತು, ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಮಸಿ ಸುಡಲೆಂದು ಸಿಂಪಡಿಸಿದ ಡೀಸೆಲಿನ ಒಂದಂಶ ಪ್ರತಿ ಸಲವೂ ಸಿಲಿಂಡರ್ ಗೋಡೆಗೆ ಬಿದ್ದು ಆಯಿಲಿಗೆ ಇಳಿಯುತ್ತಿತ್ತು. ಪೆಟ್ರೋಲ್ ಆಯಿಲಿಗೆ ಸೇರಿದರೆ ಒಂದು ದೂರದ ಓಟದಲ್ಲಿ ಬಹುಪಾಲು ಆವಿಯಾಗಿ ಹೋಗುತ್ತದೆ. ಡೀಸೆಲ್ ಹೆಚ್ಚಿನ ಶಾಖಕ್ಕೆ ಆವಿಯಾಗುವಂಥದಾದ್ದರಿಂದ ಅಲ್ಲೇ ಉಳಿದುಬಿಡುತ್ತದೆ. ಕಡ್ಡಿಯ ಮೇಲೆ ಗುರುತು ಏರಿದ್ದು ಹೀಗೆ.

ಲಾರಿಗೆ ಇದೇ ರೂಢಿಯಿಂದ ತೊಂದರೆಯಾಗದಿರಲು ಕಾರಣ ಸರಳ: ಅದಕ್ಕೆ ಡಿಪಿಎಫ್ ಇಲ್ಲ, ಮತ್ತು ಅಂಗಳದಲ್ಲಿ ಕಟ್ಟಿದ ಮಸಿಯೆಲ್ಲ ಸಿಂಧನೂರು ದಾಟುವ ಹೊತ್ತಿಗೆ ಹೊಗೆಯಾಗಿ ಹೋಗಿರುತ್ತದೆ. ಅಷ್ಟಲ್ಲದೆ ಲಾರಿ ಕೆಲ ನಿಮಿಷ ಚಾಲೂ ನಿಲ್ಲಲೇಬೇಕು, ಅದು ಎಂಜಿನ್ ಬಿಸಿಯಾಗಲೆಂದಲ್ಲ, ಬ್ರೇಕಿಗೆ ಗಾಳಿ ತುಂಬಲೆಂದು. ಏರ್ ಬ್ರೇಕಿನ ಟ್ಯಾಂಕಿನಲ್ಲಿ ರಾತ್ರಿಯೆಲ್ಲ ಒತ್ತಡ ಸೋರಿ ಇಳಿದಿರುತ್ತದೆ. ಗಾಳಿಯ ಮುಳ್ಳು ಹಸಿರಿಗೆ ಬಾರದೆ, ಎಚ್ಚರಿಕೆಯ ಸದ್ದು ನಿಲ್ಲದೆ ಲಾರಿಯನ್ನು ಕದಲಿಸುವುದು ಪ್ರಾಣಾಪಾಯ. ಲಾರಿಯಲ್ಲಿ ಕಲಿತ ಕಾಯುವಿಕೆಯ ಈ ಕಾರಣ ಮರೆತು, ಕಾಯುವಿಕೆ ಮಾತ್ರ ಪಿಕಪ್‌ಗೆ ಬಂದಿತ್ತು.

ಖರ್ಚಿನ ಮಾತು ಇಲ್ಲಿ ದೊಡ್ಡದಲ್ಲ. ಈ ಗಾತ್ರದ ಎಂಜಿನ್ ನಿಂತಲ್ಲಿ ಗಂಟೆಗೆ ಒಂದು ಲೀಟರಿಗಿಂತ ಕಡಿಮೆ ಡೀಸೆಲ್ ಸುಡುತ್ತದೆ. ಅಂಗಳದ ಇಪ್ಪತ್ತು ನಿಮಿಷಕ್ಕೆ ಇಪ್ಪತ್ತು ರೂಪಾಯಿಯ ಆಸುಪಾಸು. ಅದಕ್ಕಿಂತ ಗಂಭೀರವಾದದ್ದು, ಅಂಗಳದಲ್ಲಿ ಗಾಡಿ ನಿಲ್ಲುತ್ತಿದ್ದ ತಗಡಿನ ಶೆಡ್ಡಿನ ಒಂದು ಬದಿ ಮನೆಯ ಗೋಡೆಗೆ ಹೊಂದಿಕೊಂಡು, ಮಲಗುವ ಕೋಣೆಯ ಕಿಟಕಿ ಅದರೊಳಕ್ಕೆ ತೆರೆದಿತ್ತು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೆಟ್ರೋಲ್ ಎಂಜಿನ್‌ಗಿಂತ ಡೀಸೆಲ್‌ನಲ್ಲಿ ಅದು ಕಡಿಮೆ ನಿಜ, ಆದರೂ ಚಳಿಗೆಂದು ಕದ ಮುಚ್ಚಿದ ಶೆಡ್ಡಿನಲ್ಲಿ ಯಾವ ಎಂಜಿನ್ನನ್ನೂ ಚಾಲೂ ಬಿಡಬಾರದು. ಫಿಲ್ಟರಿನ ಮಾತಿಗೆ ಮೊದಲು ಇದನ್ನು ನಿಲ್ಲಿಸಿದೆವು.

ಬದಲಿಸಿದ್ದು, ಆದದ್ದು

ಸರ್ವಿಸ್ ಕೇಂದ್ರದಲ್ಲಿ ಇನ್ನೊಮ್ಮೆ ರೀಜನರೇಷನ್ ಮಾಡಿಸಿ, ಡೀಸೆಲ್ ಬೆರೆತ ಆಯಿಲನ್ನು ಪೂರ್ತಿ ಇಳಿಸಿ, ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೂ ಹೊಸ ಆಯಿಲ್ ಫಿಲ್ಟರನ್ನೂ ಹಾಕಿಸಲಾಯಿತು. ಬೆಳಿಗ್ಗೆ ಮೀಟರ್ ಫಲಕದಲ್ಲಿ, ಸಿಲಿಂಡರನ್ನು ಕಾಯಿಸುವ ಹೀಟರಿನ ಸುರುಳಿ ಗುರುತು ಆರಿದ ಮೇಲೆ ಸೆಲ್ಫ್ ಹೊಡೆಯುವುದು, ಆಯಿಲ್ ಒತ್ತಡದ ಕೆಂಪು ದೀಪ ಆರಿತೆಂದು ನೋಡಿಕೊಂಡು, ಬೆಲ್ಟ್ ಕಟ್ಟಿಕೊಳ್ಳುವಷ್ಟು, ಅಂದರೆ ಅರ್ಧ ನಿಮಿಷ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋಗೆ ಆಯಿಲ್ ಮುಟ್ಟಲು ಬಿಟ್ಟು ಹೊರಡುವುದು ಎಂದು ಗೊತ್ತುಮಾಡಿದೆವು. ಉಷ್ಣತೆಯ ಮುಳ್ಳು ಏಳುವ ತನಕ ಎಂಜಿನ್ನನ್ನು ನಿಮಿಷಕ್ಕೆ 2000 ಸುತ್ತು ದಾಟಿಸಬಾರದು, ಗೇರನ್ನು ಎಳೆದು ಗುದ್ದಾಡಿಸಬಾರದು. ಚಾಲಕರಿಗೆ ಈ ಭಾಗ ಹೇಳಿಕೊಡುವ ಅಗತ್ಯವೇ ಇರಲಿಲ್ಲ; ಮೆತ್ತಗೆ ಓಡಿಸುವುದರಲ್ಲಿ ಅವರನ್ನು ಮೀರಿಸುವವರು ಆ ಓಣಿಯಲ್ಲಿಲ್ಲ. ಕಷ್ಟವಾದದ್ದು ಸಂಘಗಳ ಮುಂದೆ ಬಂದ್ ಮಾಡುವುದು. ಪ್ರತಿ ಸಲ ಸೆಲ್ಫ್ ಹೊಡೆದರೆ ಬ್ಯಾಟರಿ ಹೋಗುತ್ತದೆಂದು ಅವರು ಒಪ್ಪಲಿಲ್ಲ. ಬಿಸಿಯಾದ ಎಂಜಿನ್ ಅರ್ಧ ಸುತ್ತಿಗೆ ಹತ್ತಿಕೊಳ್ಳುತ್ತದೆ, ಮೂರು ನಾಲ್ಕು ಕಿಲೋಮೀಟರ್ ಓಟದಲ್ಲಿ ಬ್ಯಾಟರಿ ಆ ನಷ್ಟವನ್ನು ತುಂಬಿಕೊಳ್ಳುತ್ತದೆ ಎಂದು ಮಾಡಿ ತೋರಿಸಬೇಕಾಯಿತು. ರೀಜನರೇಷನ್ ನಡೆಯುತ್ತಿರುವಾಗ ಮಾತ್ರ ಬಂದ್ ಮಾಡಬಾರದೆಂಬ ವಿನಾಯಿತಿ ಇಟ್ಟೆವು. ನಿಂತಾಗಿನ ಸುತ್ತು ಏರಿರುವುದು, ಫ್ಯಾನು ನಿಲ್ಲದೆ ತಿರುಗುವುದು, ಸೈಲೆನ್ಸರ್ ಕಡೆಯಿಂದ ಕಾದ ಕಬ್ಬಿಣದ ವಾಸನೆ ಬರುವುದು ಅದರ ಲಕ್ಷಣಗಳು. ವಾರಕ್ಕೊಮ್ಮೆ ಹಾಲು ಇಳಿಸಿದ ಮೇಲೆ ಸಿಂಧನೂರು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ, ಸುತ್ತು 2000ಕ್ಕಿಂತ ಇಳಿಯದಂತೆ ಓಡಿಸಿ ತರುವುದನ್ನು ಮಗ ವಹಿಸಿಕೊಂಡ.

ಆ ಚಳಿಗಾಲದ ಉಳಿದ ದಿನಗಳಲ್ಲಿ ದೀಪ ಮತ್ತೆ ಹತ್ತಲಿಲ್ಲ, ಆಯಿಲ್ ಗುರುತಿನ ಒಳಗೇ ಉಳಿಯಿತು. ಇದರಿಂದ ಅಂಗಳದ ಇಪ್ಪತ್ತು ನಿಮಿಷವೇ ಮೂಲ ಕಾರಣವೆಂದು ತೀರ್ಮಾನಿಸಿದರೆ ಅವಸರವಾದೀತು. ನಾವು ಹಲವನ್ನು ಒಟ್ಟಿಗೆ ಬದಲಿಸಿದೆವು. ಮಾಲಕರಿಗೆ ಗಾಡಿ ಓಡುವುದು ಮುಖ್ಯವಾಗಿತ್ತು, ಒಂದೊಂದಾಗಿ ಬದಲಿಸಿ ಪರೀಕ್ಷಿಸುವ ವ್ಯವಧಾನ ಹಾಲಿಗೆ ಇರುವುದಿಲ್ಲ. ಚೀಟಿಯ ಲೆಕ್ಕವನ್ನು ನಂಬುವುದಾದರೆ ಸಂಘಗಳ ಮುಂದಿನ ನಿಲುಗಡೆಯ ಪಾಲೇ ದೊಡ್ಡದು, ವಾರದ ಓಟದ ಉಪಕಾರವೂ ಸಣ್ಣದಲ್ಲ. ಬೆಳಗಿನ ಬಿಸಿ ಮಾಡುವಿಕೆ ಇವುಗಳ ಜೊತೆ ಸೇರಿ ಹೊರೆಯನ್ನು ಹೆಚ್ಚಿಸಿತು, ಮತ್ತು ಅದರಿಂದ ಎಂಜಿನ್‌ಗೆ ಲಾಭವೇನೂ ಇರಲಿಲ್ಲ ಎಂಬಷ್ಟನ್ನು ಖಚಿತವಾಗಿ ಹೇಳಬಹುದು. ಬಂಕಿನ ಡೀಸೆಲ್ ಮೇಲಿನ ಅನುಮಾನಕ್ಕೆ ಆಧಾರ ಸಿಗಲಿಲ್ಲ. ಅದೇ ಬಂಕಿನ ಡೀಸೆಲನ್ನೇ ಕೊನೆಯ ತನಕ ಹಾಕಿಸಿದರು.

ಒಂದು ಆಕ್ಷೇಪ ನನ್ನಲ್ಲಿ ಉಳಿದಿದೆ, ಅದು ಚಾಲಕರ ಮೇಲಲ್ಲ, ಕೊಂಡ ದಿನದ ತೀರ್ಮಾನದ ಮೇಲೆ. ನಸುಕಿನಲ್ಲಿ ತಣ್ಣಗೆ ಹೊರಟು, ಮೂರು ಕಿಲೋಮೀಟರಿಗೊಮ್ಮೆ ನಿಂತು, ಮೂವತ್ತು ಕಿಲೋಮೀಟರಿನಲ್ಲಿ ಮುಗಿಯುವ ಮಾರ್ಗಕ್ಕೆ ಡಿಪಿಎಫ್ ಇರುವ ಡೀಸೆಲ್ ಗಾಡಿ ಸರಿಯಾದ ಆಯ್ಕೆಯಲ್ಲ; ಎಷ್ಟೇ ಶಿಸ್ತಿನಿಂದ ನಡೆಸಿದರೂ ಅದಕ್ಕೆ ವಾರದ ಓಟದ ಊರುಗೋಲು ಬೇಕೇ ಬೇಕು. ಈ ಕೆಲಸಕ್ಕೆ ಪೆಟ್ರೋಲ್ ಅಥವಾ ಸಿಎನ್‌ಜಿಯ ಸಣ್ಣ ಸರಕು ವಾಹನವೋ, ಚಾರ್ಜಿಂಗಿಗೆ ಅನುಕೂಲವಿದ್ದರೆ ವಿದ್ಯುತ್ ವಾಹನವೋ ಹೆಚ್ಚು ಹೊಂದುತ್ತದೆ. ಪಿಕಪ್ಪನ್ನು ಅಕ್ಕಿಯ ದೂರದ ಲೋಡಿಗೆ ಹಾಕಿ, ಹಾಲಿಗೆ ಬೇರೆ ಗಾಡಿ ತರುವ ಲೆಕ್ಕಾಚಾರವನ್ನು ಕುಟುಂಬ ಬೇಸಿಗೆ ಭತ್ತದ ಹಣ ಕೈಗೆ ಬಂದ ಮೇಲೆ ನೋಡುವುದೆಂದು ಇಟ್ಟುಕೊಂಡಿದೆ.